ಎದುರಾಳಿ ಆಟ ಬಿಟ್ಟು ಹೋಗಿದ್ದಾರೆ

ಅಕ್ಟೋಬರ್ ೬, ಭಾನುವಾರ

ಇವತ್ತಿನಿಂದ ಆರು ವಾರ. ನವೆಂಬರ್ ಹದಿನೇಳರೊಳಗೆ ಬಾಬಾಗೆ, ನನ್ನಪ್ಪನಿಗೆ, ಮಾತು ನೂರಕ್ಕೆ ನಲವತ್ತರಷ್ಟಾದರೂ ಮರಳಬೇಕು. ಮರಳದಿದ್ದರೆ ಚಿಕಿತ್ಸಾಲಯದಲ್ಲಿ ವಾರಕ್ಕೊಂದು ಗಂಟೆ ಮೆರ್ವತ್ ಎದುರು ಕೂರುವ ಅವಕಾಶ ಸರದಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆ. ಮಾತು ಕಳೆದುಕೊಂಡವರಿಗೆ ಮಾತು ಕಲಿಸುವುದು ಮೆರ್ವತ್ ಕೆಲಸ. ಈ ಕೆಲಸ ಬಲ್ಲವರು ಈ ಊರಿನಲ್ಲಿ ಬೆರಳೆಣಿಕೆಯಷ್ಟೇ ಇದ್ದಾರೆ. ವಾರದ ಉಳಿದ ಆರು ದಿನ ಕಲಿಸುವುದು ಫೋನಿನೊಳಗಿನ ಒಂದು ಆ್ಯಪ್. ಎಷ್ಟು ಮರಳಿತು ಎಂದು ಅಳೆಯುವುದೂ ಅದೇ.

ಜುಲೈಯಲ್ಲಿ ಬಾಬಾಗೆ ಪಾರ್ಶ್ವವಾಯು ಬಡಿಯಿತು. ಬಲಗಾಲು ಮುಕ್ಕಾಲು ಭಾಗ ಸರಿಹೋಗಿದೆ, ಬಲಗೈ ಅರ್ಧ. ಮಾತಿನಲ್ಲಿ ಉಳಿದಿರುವುದು ಒಂದೇ ಪದ, "ಆಮೇಲೆ". ಚಹಾ ಬೇಕೇ ಎಂದರೆ ಆಮೇಲೆ. ನೋಯುತ್ತಿದೆಯೇ ಎಂದರೆ ಆಮೇಲೆ. ನನ್ನ ಹೆಸರು ಹೇಳಿ ಬಾಬಾ ಎಂದಾಗ ನನ್ನ ಮುಖವನ್ನೇ ತುಂಬ ಹೊತ್ತು ನೋಡಿ, ಅತ್ಯಂತ ಪ್ರೀತಿಯಿಂದ, ಆಮೇಲೆ.

ಆ್ಯಪ್ ತೆರೆದಾಗ ನಿಜಕ್ಕೂ ಬೆರಗಾಯಿತು. ಅದು ಕೇಳಿಸಿಕೊಳ್ಳುತ್ತದೆ. ಬಾಬಾ ಉಸಿರೆಳೆದರೆ ಪರದೆಯ ಮೇಲೆ ನೀಲಿ ಗೆರೆಯೊಂದು ನಡುಗುತ್ತದೆ. ನಾನು ಕರಾರುಪತ್ರಗಳನ್ನು ಅನುವಾದಿಸಿ ಬದುಕುವವಳು, ಯಂತ್ರಗಳಿಗೆ ಹೆದರುವವಳಲ್ಲ. ಶಿಸ್ತಿನಿಂದ ಮಾಡಿದರೆ ಆಗುತ್ತದೆ ಎಂದುಕೊಂಡಿದ್ದೇನೆ.

ಇವತ್ತು: ೪೫ ನಿಮಿಷ. ನೂರಕ್ಕೆ ೬.

ಅಕ್ಟೋಬರ್ ೮, ಮಂಗಳವಾರ

ಆ್ಯಪಿನೊಳಗಿನ ಹೆಂಗಸಿಗೆ ನಾನು ಮದಾಮ್ ಎಂದು ಹೆಸರಿಟ್ಟಿದ್ದೇನೆ. ವಾರ್ತೆ ಓದುವವರ ಅರಬ್ಬಿ ಅವಳದು. ನಮ್ಮ ಅಲೆಕ್ಸಾಂಡ್ರಿಯಾದ ಯಾವ ಅಡುಗೆಮನೆಯಲ್ಲೂ ಯಾರೂ ಹಾಗೆ ಮಾತಾಡಿಲ್ಲ. ಚಮಚದ ಚಿತ್ರ ತೋರಿಸಿ, "ದಯಮಾಡಿ ಈ ವಸ್ತುವಿನ ನಾಮಧೇಯವನ್ನು ಸ್ಪಷ್ಟವಾಗಿ ಉಚ್ಚರಿಸಿರಿ" ಎನ್ನುತ್ತಾಳೆ.

ಬಾಬಾ ಚಮಚವನ್ನು ನೋಡಿದರು. ಮೂವತ್ತೆಂಟು ವರ್ಷ ಹತ್ತಿಯ ಗೋದಾಮಿನಲ್ಲಿ ಎಳೆಯನ್ನು ಬೆರಳಲ್ಲಿ ತಿಕ್ಕಿ ದರ್ಜೆ ಹೇಳಿದವರು. ಪರದೆಯ ಮೇಲಿನ ಚಮಚವನ್ನೂ ಹಾಗೆಯೇ ಬೆರಳಿಂದ ತಿಕ್ಕಿದರು. ಚಿತ್ರ ಜರುಗಿ ಮುಂದಿನದು ಬಂತು.

"ಉತ್ತಮ ಪ್ರಯತ್ನ. ಪುನಃ ಯತ್ನಿಸಿರಿ."

"ಬಾಬಾ, ಮುಟ್ಟಬೇಡಿ. ಹೇಳಿ. ಚ... ಚಮ..."

"ಆಮೇಲೆ."

ನನ್ನ ದನಿ ಸ್ವಲ್ಪ ಏರಿತ್ತೇನೋ. ಗೊತ್ತಿಲ್ಲ. ೫೦ ನಿಮಿಷ, ೭.

ಅಕ್ಟೋಬರ್ ೧೫, ಮಂಗಳವಾರ

ಆ್ಯಪ್ ರಾತ್ರೋರಾತ್ರಿ ತನ್ನನ್ನು ತಾನೇ ನವೀಕರಿಸಿಕೊಂಡಿದೆ. "ನಿಮಗಾಗಿ ಹೊಸ ರೂಪ" ಎಂದು ಹೂಗಳು ಉದುರಿದವು. ಒಂಬತ್ತು ದಿನ ಹೆಣಗಿ ಬಾಬಾ ಒಂದು ಕೆಲಸ ಕಲಿತಿದ್ದರು, ಕೆಳಗಿನ ದೊಡ್ಡ ಹಸಿರು ಗುಂಡಿಯನ್ನು ಎಡಗೈ ಹೆಬ್ಬೆರಳಿಂದ ಒತ್ತುವುದು. ಅದೀಗ ಮೇಲೆ ಮೂಲೆಗೆ ಹೋಗಿದೆ, ಬೂದು ಬಣ್ಣದ್ದು, ಕಡಲೆಕಾಳಿನಷ್ಟು. ಅವರ ಹೆಬ್ಬೆರಳು ಖಾಲಿ ಜಾಗವನ್ನು ಒತ್ತುತ್ತಲೇ ಇತ್ತು. ನನ್ನ ಕಡೆ ತಿರುಗಿ ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಗುಂಡಿ ಮಾಯವಾದದ್ದೂ ತಮ್ಮ ತಲೆಯದೇ ತಪ್ಪು ಎಂದುಕೊಂಡಿದ್ದರು.

ಅಲ್ಲ ಬಾಬಾ, ಅವರೇ ಕಿತ್ತು ಬೇರೆಡೆ ಇಟ್ಟಿದ್ದಾರೆ ಎಂದು ಹತ್ತು ಸಲ ಹೇಳಿದೆ. ನಂಬಿದಂತೆ ಕಾಣಲಿಲ್ಲ.

೮.

ಅಕ್ಟೋಬರ್ ೧೮, ಶುಕ್ರವಾರ

ಇದನ್ನು ಬರೆಯಬೇಕೋ ಬೇಡವೋ ಎಂದು ಅರ್ಧ ಗಂಟೆ ಯೋಚಿಸಿದೆ. ಬೇರೆ ಯಾರೂ ಓದುವುದಿಲ್ಲ, ಬರೆಯುತ್ತೇನೆ.

ಮಧ್ಯಾಹ್ನದ ನಮಾಜಿಗೆ ಬೀದಿಯೆಲ್ಲ ಸುಮ್ಮನಾಗಿತ್ತು. ಬಾಬಾ ಬಾಲ್ಕನಿಯ ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು. ನಾನು ಅಡುಗೆಮನೆಯ ಬಾಗಿಲು ಮುಚ್ಚಿ, ಗಂಟಲನ್ನು ಸ್ವಲ್ಪ ದಪ್ಪ ಮಾಡಿ, ಮದಾಮ್‌ಗೆ ಉತ್ತರ ಕೊಟ್ಟೆ. ಚಮಚ. ಬಾಗಿಲು. ದೋಣಿ. ಬ್ರೆಡ್ಡು. ಎಲ್ಲ ಸರಿಯಾದರೆ ಅನುಮಾನ ಬಂದೀತೆಂದು ನಡುನಡುವೆ ತಪ್ಪು ಕೂಡ ಹೇಳಿದೆ. ಅಷ್ಟು ಲೆಕ್ಕಾಚಾರ.

"ಅದ್ಭುತ ಪ್ರಗತಿ," ಎಂದಳು ಮದಾಮ್. ನಕ್ಷತ್ರಗಳು ಸುರಿದವು. ನೂರಕ್ಕೆ ೪೩.

ಸಮಾಧಾನವಾಯಿತು. ಈಗ ಅವರ ಜಾಗ ಹೋಗುವುದಿಲ್ಲ. ಮಗಳಾಗಿ ನಾನು ಮಾಡಬೇಕಾದದ್ದನ್ನೇ ಮಾಡಿದೆನಲ್ಲವೇ? ಅಂಚೆಯವನಿಗೆ, ಔಷಧದಂಗಡಿಯವನಿಗೆ, ಡಾಕ್ಟರರಿಗೆ ಅವರ ಪರವಾಗಿ ನಾನೇ ತಾನೇ ಮಾತಾಡುವುದು. ಇದೂ ಹಾಗೆಯೇ ಒಂದು.

ಅಕ್ಟೋಬರ್ ೨೦, ಭಾನುವಾರ

ಬೆಳಿಗ್ಗೆ ಬಾಬಾ ಎದುರಿಗೆ ಆ್ಯಪ್ ತೆರೆದಾಗ ಚಮಚವೇ ಇರಲಿಲ್ಲ. ರೈಲು ನಿಲ್ದಾಣದ ಚಿತ್ರ, ತುಂಬ ಜನ. "ಈ ದೃಶ್ಯದಲ್ಲಿ ಜರುಗುತ್ತಿರುವುದನ್ನು ಮೂರು ಪೂರ್ಣ ವಾಕ್ಯಗಳಲ್ಲಿ ವರ್ಣಿಸಿರಿ." ನಾನು ಗಳಿಸಿಕೊಟ್ಟ ಬಡ್ತಿ.

ಬಾಬಾ ಬಾಯಿ ತೆರೆದರು. ಮುಚ್ಚಿದರು. ಕಣ್ಣು ತುಂಬಿ ಬಂದು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಇವತ್ತು "ಆಮೇಲೆ" ಕೂಡ ಇಲ್ಲ.

ಅಕ್ಟೋಬರ್ ೨೧, ಸೋಮವಾರ

ಹಿಂದಿನ ಹಂತಕ್ಕೆ ಮರಳಲು ದಾರಿಯೇ ಇಲ್ಲ. ಸಹಾಯದ ಗುಂಡಿ ಒತ್ತಿದರೆ ಅಲ್ಲೂ ಯಂತ್ರವೇ. ನಾನು: "ಹಂತ ಕೆಳಗಿಳಿಸಬೇಕು." ಅದು: "ನಿಮ್ಮ ಪ್ರಗತಿಗೆ ಅಭಿನಂದನೆಗಳು." ನಾನು: "ಪ್ರಗತಿ ಆಗಿಲ್ಲ." ಅದು: "ನಿಮ್ಮ ಭಾವನೆ ನನಗೆ ಅರ್ಥವಾಗುತ್ತದೆ. ಅನೇಕ ರೋಗಿಗಳು ತಮ್ಮ ಸಾಮರ್ಥ್ಯವನ್ನು ಕಡಿಮೆ ಅಂದಾಜು ಮಾಡುತ್ತಾರೆ." ನಾನು: "ಮನುಷ್ಯರು ಯಾರಾದರೂ ಇದ್ದಾರೆಯೇ?" ಅದು: "ನಾನು ಸದಾ ನಿಮ್ಮೊಂದಿಗಿದ್ದೇನೆ."

ಅಷ್ಟು ಸೌಜನ್ಯದ ಗೋಡೆಯನ್ನು ನಾನು ನೋಡಿರಲಿಲ್ಲ. ನಿಜ ಹೇಳಿದ್ದರೆ ಬಗೆಹರಿಯುತ್ತಿತ್ತೇನೋ. ಹೇಳಲಿಲ್ಲ.

ಅಕ್ಟೋಬರ್ ೩೧, ಗುರುವಾರ

ಹತ್ತು ದಿನ ಏನೂ ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ.

ಅಮ್ಮು ಬಸ್ಯೂನಿ ಫೋನ್ ಮಾಡಿದ್ದರು. ಅಪ್ಪನ ಗೆಳೆಯರನ್ನೆಲ್ಲ ನಾವು ಅಮ್ಮು, ಚಿಕ್ಕಪ್ಪ, ಎಂದೇ ಕರೆಯುವುದು. ಬಾಬಾ ಮತ್ತು ಅವರು ನಲವತ್ತು ವರ್ಷ ಒಂದೇ ಕಾಫಿಯಂಗಡಿಯ ಒಂದೇ ಮೇಜಿನಲ್ಲಿ ತೌಲಾ ಆಡಿದವರು. ಎರಡು ದಾಳ, ಮೂವತ್ತು ಕಾಯಿ, ಮರದ ಪೆಟ್ಟಿಗೆ. ಬಾಬಾ ಬಿದ್ದಾಗಿನಿಂದ ಮನೆಗೆ ಬಂದಿಲ್ಲ. ಮಂಡಿನೋವು, ನಮ್ಮದು ಮೂರನೇ ಮಹಡಿ, ಲಿಫ್ಟ್ ಕೆಟ್ಟು ಎರಡು ವರ್ಷ. ಕಾರಣ ಅದಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು.

"ಶಹೀರಾ, ಈಗ ಫೋನಲ್ಲೇ ತೌಲಾ ಬಂದಿದೆ ಕಣಮ್ಮ. ನಾನು ಅದರಲ್ಲೇ ಆಡ್ತೀನಿ. ಎದುರಿಗೆ ಯಾರೋ, ಮುಖ ಇಲ್ಲ ಮೂತಿ ಇಲ್ಲ. ನಿನ್ನಪ್ಪನ ಫೋನಿಗೂ ಹಾಕು. ಅವ್ನು ಅಲ್ಲಿಂದ, ನಾನು ಇಲ್ಲಿಂದ."

"ಅವರಿಗೆ ಆಗುತ್ತೋ ಇಲ್ವೋ ಅಮ್ಮು."

"ಮಾತಾಡೋಕೆ ಏನಿದೆ ಅದರಲ್ಲಿ? ಬೆರಳಾಡಿಸಿದರೆ ಸಾಕು. ಹಾಕು ನೀನು."

ನವೆಂಬರ್ ೧, ಶುಕ್ರವಾರ

ಫೋನಿನ ತೌಲಾ ಎದುರು ಬಾಬಾ ಬೆನ್ನು ನೆಟ್ಟಗಾಗಿ ಕೂತರು. ಅವರ ಕಾಯಿ ಬಿಳಿ, ಆ ತುದಿಯಲ್ಲಿದ್ದ ಅಮ್ಮುವಿನದು ಕಪ್ಪು. ಏನು ನಡೆಸಬೇಕೆಂದು ಗೊತ್ತಿತ್ತು. ಬೆರಳು ಅಲ್ಲಿಗೆ ತಲುಪುವಷ್ಟರಲ್ಲಿ ಫೋನು ತಾನೇ ಬೇರೆ ಕಾಯಿ ನಡೆಸಿಬಿಟ್ಟಿತು. ಪ್ರತಿ ಸರದಿಗೆ ಹದಿನೈದು ಸೆಕೆಂಡಂತೆ. ಅದನ್ನು ಬದಲಾಯಿಸುವ ಜಾಗ ಹುಡುಕುತ್ತಿದ್ದಾಗ ಕೂದಲಿನ ಎಣ್ಣೆಯ ಜಾಹೀರಾತು ಬಂತು. ಅದರ ಮೂಲೆಯ ಗುಣಾಕಾರದ ಗುರುತು ಒತ್ತಿದರೆ ಎಣ್ಣೆಯ ಅಂಗಡಿ ತೆರೆದುಕೊಂಡಿತು. ವಾಪಸು ಬಂದಾಗ ಹಲಗೆ ಇರಲಿಲ್ಲ. ಬಾಬಾ ಫೋನನ್ನು ಮಗುಚಿ ಇಟ್ಟು ಕಣ್ಣು ಮುಚ್ಚಿಕೊಂಡರು.

ಈ ಸಲ ನಾನು ಅವರ ಪರವಾಗಿ ಆಡಲಿಲ್ಲ. ನನಗೆ ಆಟ ಬರುವುದಿಲ್ಲ ಎಂಬುದಷ್ಟೇ ಕಾರಣ.

ನವೆಂಬರ್ ೨, ಶನಿವಾರ

ಹೇಗೆ ಬರೆಯಲಿ. ನಡೆದ ಹಾಗೆಯೇ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಬಾಗಿಲು ಬಡಿದ ಸದ್ದು. ಅಮ್ಮು ಬಸ್ಯೂನಿ, ಬೆವರಿ ನೀರಾಗಿ, ಕಂಕುಳಲ್ಲಿ ಕಾಫಿಯಂಗಡಿಯ ತೌಲಾ ಪೆಟ್ಟಿಗೆ. ಸಲಾಮ್ ಕೂಡ ಇಲ್ಲ.

"ಎಲ್ಲಿದಾನೆ ಅವ್ನು?"

"ಕೂತ್ಕೊಳ್ಳಿ ಅಮ್ಮು, ನೀರು..."

"ನೀರು ಗೀರು ಇರಲಿ. ನಿನ್ನೆ ಫೋನು ನನಗೆ ಏನು ಹೇಳ್ತು ಗೊತ್ತಾ? 'ಎದುರಾಳಿ ಆಟ ಬಿಟ್ಟು ಹೋಗಿದ್ದಾರೆ' ಅಂತ. ನಿನ್ನಪ್ಪ ವಗ್ದಿ. ಆಟ ಬಿಟ್ಟು." ಬಾಲ್ಕನಿಗೆ ಹೋಗಿ ಬಾಬಾ ಎದುರಿಗೆ ನಿಂತರು. "ವಗ್ದಿ ಪಾಶಾ, ಈ ಶಹೀರಾ ಹುಟ್ಟಿದಾಗ ಹೇಳಿಕಳಿಸಿದರು, ಆಟ ಮುಗಿಸಿ ಎದ್ದೆ. ಎದುರು ಬೀದೀಲಿ ಬೆಂಕಿ ಬಿದ್ದಾಗ ನಾನೂ ನೀನೂ ಆಟ ಮುಗಿಸಿ ಎದ್ವಿ. ನಿನ್ನೆ ಅರ್ಧದಲ್ಲಿ ಎದ್ದು ಹೋದೆಯಂತೆ. ಇಡೀ ರಾತ್ರಿ ನಿದ್ದೆ ಇಲ್ಲ ನನಗೆ. ಕೂತು ಸೋಲು, ಪರವಾಗಿಲ್ಲ. ಎದ್ದು ಮಾತ್ರ ಹೋಗಬೇಡ."

ನಮ್ಮಲ್ಲಿ ತೌಲಾ ಅರ್ಧಕ್ಕೆ ಬಿಟ್ಟು ಏಳುವುದೆಂದರೆ ಎದುರಿಗಿರುವವನ ಮುಖಕ್ಕೆ ಚಹಾ ಎರಚಿದ ಹಾಗೆ. ಫೋನಿಗೆ ಅದು ಒಂದು ಸಾಲಿನ ಸುದ್ದಿ. ಆ ಸಾಲನ್ನು ನಿಜವೆಂದು ನಂಬಿ, ನಾಲ್ಕು ತಿಂಗಳು ಹತ್ತದ ಮೆಟ್ಟಿಲನ್ನು ಅಮ್ಮು ಜಗಳಕ್ಕಾಗಿ ಹತ್ತಿ ಬಂದಿದ್ದರು.

ನಾನು ಬಾಯಿ ತೆರೆದೆ. ಅಮ್ಮು, ಅದು ಜಾಹೀರಾತು, ಹದಿನೈದು ಸೆಕೆಂಡು, ಎಂದು ಬಾಬಾ ಪರವಾಗಿ ವಿವರಿಸಬೇಕೆಂದು. ಅಷ್ಟರಲ್ಲಿ ಬಾಬಾ ಎಡಗೈ ಚಾಚಿ ಪೆಟ್ಟಿಗೆಯ ಕೊಂಡಿ ಬಿಚ್ಚಿದರು.

ಕಾಯಿ ಜೋಡಿಸಿದ್ದು ಅಮ್ಮು. ದಾಳ ಎಸೆದದ್ದು ಬಾಬಾ, ಎಡಗೈಯಲ್ಲಿ, ಒರಟಾಗಿ. ಎರಡೂ ಐದು.

"ದಬಶ್," ಎಂದರು ಬಾಬಾ.

ಅಮ್ಮು ತಲೆ ಎತ್ತಲಿಲ್ಲ. ಅವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. "ಶುರುವಿಗೇ ದಬಶ್ ಹಾಕ್ತೀಯಾ, ನಾಚಿಕೆ ಇಲ್ವಾ ನಿನಗೆ," ಎಂದು ಗೊಣಗಿ ತಮ್ಮ ದಾಳ ಉರುಳಿಸಿದರು. ಆರು, ನಾಲ್ಕು. ಅದು ಅವರ ಗರ, ಹೆಸರು ಹೇಳಬೇಕಾದವರು ಅವರು. ಬಾಬಾ ಮೊದಲೇ ಹೇಳಿದರು: "ಶೇಶ್-ಗಿಹಾರ್."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಮೂರು-ಒಂದಕ್ಕೆ ಸೆ-ಯೆಕ್. ಜೋಡಿ ಎರಡಕ್ಕೆ ದುಬಾರಾ. ಆರು-ಐದಕ್ಕೆ ಶೇಶ್-ಬೇಶ್. ಒಂದು ಗಂಟೆಯ ಕಾಲ ಬಿದ್ದ ಪ್ರತಿ ಗರಕ್ಕೂ ಅದರ ಹೆಸರು, ಕಾಫಿಯಂಗಡಿಯ ಅದೇ ರಾಗದಲ್ಲಿ, ಕೊನೆಯನ್ನು ಸ್ವಲ್ಪ ಎಳೆದು. ಒಂದೂ ತಪ್ಪಿಲ್ಲ. ಒಂದೂ ತೊದಲಿಲ್ಲ.

ನವೆಂಬರ್ ೪, ಸೋಮವಾರ

ಎರಡು ದಿನದಿಂದ ಇದೇ ಯೋಚನೆ.

ಆಟದ ನಡುವೆ ಐದು ಬೆರಳು ತೋರಿಸಿ ಇದೆಷ್ಟು ಬಾಬಾ ಎಂದರೆ, ಆಮೇಲೆ. ಅದೇ ಐದು ದಾಳದ ಮೇಲೆ ಬಿದ್ದರೆ, ಬೇಶ್. ಈ ಎಣಿಕೆ ಪಾರ್ಸಿ, ತುರ್ಕಿ ಸೇರಿ ಆದದ್ದು. ಯಾವ ಕಾಲದಲ್ಲೋ ನಮ್ಮನ್ನಾಳಿದ ತುರ್ಕಿ ಪಾಶಾಗಳ ಜೊತೆ ಹಡಗು ಇಳಿದಿರಬೇಕು. ಇದರಲ್ಲಿ ಯಾರೂ ಟೊಮೇಟೊ ಕೊಳ್ಳುವುದಿಲ್ಲ, ವಯಸ್ಸು ಹೇಳುವುದಿಲ್ಲ. ಕಾಫಿಯಂಗಡಿಯ ಮೇಜಿನಿಂದಾಚೆ ಈ ಪದಗಳಿಗೆ ಬೆಲೆಯೇ ಇಲ್ಲ. ಆಡುವವರಿಗೆ ಇವು ಪರಭಾಷೆ ಎಂಬುದೂ ಗೊತ್ತಿಲ್ಲ. ಕೇಳಿದ್ದಕ್ಕೆ ಅಮ್ಮು ನನ್ನನ್ನೇ ದಿಟ್ಟಿಸಿದರು. "ಪಾರ್ಸಿ ಯಾಕಮ್ಮ, ಇದು ತೌಲಾ."

ಬಾಬಾ ತಲೆಯಲ್ಲಿ ಅರಬ್ಬಿ ಇದ್ದ ಮನೆ ಕುಸಿದಿದೆ. ಅದರ ಪಕ್ಕದಲ್ಲೆಲ್ಲೋ ಈ ಪುಟ್ಟ ಕೋಣೆಗೆ ಏನೂ ಆಗಿಲ್ಲ. ದೀಪ ಕೂಡ ಆರಿಲ್ಲ. ನಾಲ್ಕು ತಿಂಗಳು ನಾನು ಕುಸಿದ ಬಾಗಿಲನ್ನೇ ಬಡಿಯುತ್ತಿದ್ದೆ.

ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಮೆಟ್ಟಿಲು ಎಣಿಸುವುದು ಈಗಲೂ ಇಂಗ್ಲಿಷಿನಲ್ಲೇ. ನನಗೆ ಹೀಗಾದರೆ ನನ್ನಲ್ಲಿ ಯಾವ ಕೋಣೆ ಉಳಿದೀತು? ಅದನ್ನು ಹುಡುಕಿಕೊಂಡು ಯಾರು ಮೆಟ್ಟಿಲು ಹತ್ತಿ ಬಂದಾರು?

ಕುತೂಹಲಕ್ಕೆ ಆಟದ ಹೊತ್ತು ಫೋನನ್ನು ಪಕ್ಕದಲ್ಲಿಟ್ಟೆ. ಮದಾಮ್‌ಗೆ ಒಂದು ಅಕ್ಷರವೂ ಹತ್ತಲಿಲ್ಲ. "ಪರಿಸರದಲ್ಲಿ ಗದ್ದಲವಿದೆ," ಎಂದಳು.

ನವೆಂಬರ್ ೯, ಶನಿವಾರ

ಅಮ್ಮು ದಿನವೂ ಬರುತ್ತಾರೆ. ಮೆಟ್ಟಿಲಿಗೆ ಬೈಯುತ್ತ ಹತ್ತುತ್ತಾರೆ, ಚಹಾಕ್ಕೆ ಸಕ್ಕರೆ ಕಡಿಮೆಯೆಂದು ಬೈಯುತ್ತಾರೆ. ಇವತ್ತು ಮೂರು ಬಿದ್ದಾಗ ಕಾಯಿಯನ್ನು ನಾಲ್ಕು ಮನೆ ನಡೆಸಿದರು. ಬಾಬಾ ಅವರ ಕೈ ಹಿಡಿದು,

"ಕಳ್ಳ," ಎಂದರು.

ದಾಳದ ಪದವಲ್ಲ. ಅಪ್ಪಟ ಅರಬ್ಬಿ. ಅಮ್ಮು ಕಾಯಿಯನ್ನು ಹಿಂದಕ್ಕಿಟ್ಟು, ಕರವಸ್ತ್ರ ತೆಗೆದು, ಮುಖವನ್ನೆಲ್ಲ ಒರೆಸಿಕೊಂಡರು. "ನಲವತ್ತು ವರ್ಷದಿಂದ ಬೈತಾ ಇದೀಯ ನನ್ನ. ಇಷ್ಟು ರುಚಿಯಾಗಿ ಒಂದು ಸಲಾನೂ ಬೈದಿರಲಿಲ್ಲ."

ಸೀಬೆಹಣ್ಣು ತಂದಿದ್ದರು. ಮೂವರೂ ತಿಂದೆವು.

ನವೆಂಬರ್ ೧೦, ಭಾನುವಾರ

ಮೆರ್ವತ್‌ಗೆ ಎಲ್ಲ ಹೇಳಿದೆ. ಅಡುಗೆಮನೆ, ದಪ್ಪ ಮಾಡಿದ ಗಂಟಲು, ಬೇಕೆಂದೇ ಹೇಳಿದ ತಪ್ಪುಗಳು. ಅವಳು ಟ್ಯಾಬ್ಲೆಟ್ಟಿನಲ್ಲಿ ಏರುಗೆರೆ ತೋರಿಸಿದಳು. ಅಕ್ಟೋಬರ್ ಹದಿನೆಂಟರಂದು ಗೋಡೆಯಂತೆ ನೆಟ್ಟಗೆ ಎದ್ದಿತ್ತು.

"ನಂಗೆ ಅವತ್ತೇ ಗೊತ್ತಾಯ್ತು ಶಹೀರಾ. ನೀನೊಬ್ಬಳೇ ಅಲ್ಲ. ಹೆಂಡತೀರು ಮಾಡ್ತಾರೆ, ಅಳಿಯಂದಿರು ಮಾಡ್ತಾರೆ. ಒಬ್ಬ ಅಂತೂ ಪಕ್ಕದ ಮನೆಯವನನ್ನ ಕೂರಿಸಿದ್ದ."

"ಯಾಕೆ ಹೇಳಲಿಲ್ಲ?"

"ನೀನು ಹೇಳ್ತೀಯಾ ನೋಡೋಣ ಅಂತ."

ತೌಲಾ ವಿಷಯ ಕೇಳಿ ಅವಳು ಬರೆಯುವುದನ್ನು ನಿಲ್ಲಿಸಿದಳು. ಮಾತು ಹೋದವರಲ್ಲಿ ಹಾಡು ಉಳಿದದ್ದು ನೋಡಿದ್ದಾಳೆ, ಪ್ರಾರ್ಥನೆ ಉಳಿದದ್ದು ನೋಡಿದ್ದಾಳೆ, ಇದು ಹೊಸದು. ಅಂಕ ಅಳಿಸಿ, ವಿಶೇಷ ಪ್ರಕರಣವೆಂದು ತಾನೇ ಶಿಫಾರಸು ಬರೆಯುತ್ತೇನೆ ಎಂದಳು. ಇನ್ನುಳಿದದ್ದು ಒಂದೇ ತೊಡಕು. ಮುಂದುವರಿಸಲು ಒಪ್ಪಿಗೆಯನ್ನು ರೋಗಿ ತನ್ನ ದನಿಯಲ್ಲೇ ಹೇಳಬೇಕು. ಮೂರು ಅವಕಾಶ. ಕೇಳುವುದು ಯಂತ್ರ, ಅದರಲ್ಲಿ ಯಾರ ಶಿಫಾರಸೂ ನಡೆಯುವುದಿಲ್ಲ.

"ಬೇಕು ಅಂತ ಒಂದು ಮಾತು ಅವ್ರು ಹೇಳಿದರೆ ಇನ್ನು ಮೂರು ತಿಂಗಳು ಕಲಿಸೋ ಹೊಣೆ ನಂದು. ಆದ್ರೆ ಆವತ್ತು ನೀನು ಪಕ್ಕದಲ್ಲಿ ಉಸಿರೂ ಬಿಡಬೇಡ."

ನವೆಂಬರ್ ೧೪, ಗುರುವಾರ

"ಬೇಕು" ಅಭ್ಯಾಸ ಮಾಡಿಸಬೇಕೆಂದು ಬೆಳಿಗ್ಗೆ ಹೊರಟೆ. ಚಹಾ ಬೇಕು, ಬ್ರೆಡ್ಡು ಬೇಕು. ಮೂರನೆಯದಕ್ಕೆ ನನಗೇ ಬೇಸರವಾಗಿ, ದಾಳ ತಂದಿಟ್ಟು ನನಗೂ ಕಲಿಸಿ ಎಂದೆ. ಮಧ್ಯಾಹ್ನದವರೆಗೂ ಸೋತೆ.

ನವೆಂಬರ್ ೧೭, ಭಾನುವಾರ

ನಿನ್ನೆಯಿಂದ ಪೊರಕೆ ಬಿರುಗಾಳಿ ಎದ್ದಿದೆ. ಪ್ರತಿ ವರ್ಷ ಈ ವಾರ ಸಮುದ್ರದಿಂದ ಬಂದು ಊರನ್ನು ಗುಡಿಸುವ ಗಾಳಿ. ಟ್ಯಾಕ್ಸಿಯಲ್ಲಿ ಬಾಬಾ ಟೋಪಿಯನ್ನು ಎಡಗೈಯಲ್ಲಿ ಅದುಮಿ ಕೂತಿದ್ದರು. ಅಮ್ಮು ಬಸ್ಯೂನಿ ತಾವೂ ಬರುತ್ತೇನೆಂದು ಹಟ ಹಿಡಿದು ಮುಂದಿನ ಸೀಟು ಹತ್ತಿದ್ದರು.

ಮೆರ್ವತ್ ಕೋಣೆಯಲ್ಲಿ ಟ್ಯಾಬ್ಲೆಟ್ಟನ್ನು ಬಾಬಾ ಎದುರಿಗಿಟ್ಟಳು. ಅದೇ ಮದಾಮ್.

"ಚಿಕಿತ್ಸೆಯನ್ನು ಮುಂದುವರಿಸಲು ಇಚ್ಛಿಸುವಿರಾ? ಬೇಕು ಅಥವಾ ಬೇಡ ಎಂದು ಸ್ಪಷ್ಟವಾಗಿ ಉಚ್ಚರಿಸಿರಿ."

"ಆಮೇಲೆ," ಎಂದರು ಬಾಬಾ.

"ಅರ್ಥವಾಗಲಿಲ್ಲ. ಪುನಃ ಯತ್ನಿಸಿರಿ."

ಎರಡನೆಯ ಸಲ ಬಾಬಾ ಏನೂ ಹೇಳಲಿಲ್ಲ. ನೀಲಿ ಗೆರೆ ಚಪ್ಪಟೆಯಾಗಿ ಮಲಗಿತ್ತು. ನನ್ನ ಗಂಟಲಲ್ಲಿ "ಬೇಕು" ಸಿದ್ಧವಾಗಿತ್ತು, ದಪ್ಪ ದನಿಯ ಸಮೇತ. ಅಮ್ಮು ನನ್ನ ಕಡೆ ನೋಡಿದರು. ನಾನು ಕೈಯನ್ನು ಬಾಯ ಮೇಲಿಟ್ಟುಕೊಂಡೆ.

"ಇದು ಅಂತಿಮ ಅವಕಾಶ. ಬೇಕು ಅಥವಾ ಬೇಡ."

ಬಾಬಾ ಮುಂದಕ್ಕೆ ಬಾಗಿದರು. ಗರ ಬಿದ್ದ ದಾಳವನ್ನು ನೋಡುವ ಹಾಗೆ ಪರದೆಯನ್ನು ನೋಡಿದರು.

"ಬೇಡ."

ನೀಲಿ ಗೆರೆ ಒಮ್ಮೆ ಎದ್ದು ಮಲಗಿತು. ಹಸಿರು ಗುರುತು. "ಧನ್ಯವಾದಗಳು. ತಮ್ಮ ಉಚ್ಚಾರಣೆ ಅತ್ಯಂತ ಸ್ಪಷ್ಟವಾಗಿದೆ. ತಮ್ಮ ಸ್ಥಾನವನ್ನು ಸರದಿಯ ಮುಂದಿನವರಿಗೆ ನೀಡಲಾಗಿದೆ."

ಜುಲೈಯಿಂದ ನಾನು ಕೇಳಿದ ಸಾವಿರ ಪ್ರಶ್ನೆಗಳಿಗೆ ಸಿಗದ ಉತ್ತರ. ಯಂತ್ರಕ್ಕೆ ಅವರ ಮಾತು ಅರ್ಥವಾದದ್ದೂ ಇದೇ ಮೊದಲು. ಅದರಿಂದಲೇ ಎಲ್ಲ ಹೋಯಿತು. ಮೆರ್ವತ್ ಗುಂಡಿಗಳನ್ನು ಒತ್ತಿ ನೋಡಿದಳು, ಹಿಂದಕ್ಕೆ ಹೋಗಲು ಅದಕ್ಕೆ ದಾರಿ ಇಲ್ಲ. ನನಗೆ ಅಳು ಬರಬೇಕಿತ್ತು. ಬಂದದ್ದು ಬೇರೇನೋ, ಮೈಯೆಲ್ಲ ನವಿರೆದ್ದಿತ್ತು.

ಅವಳು ಟ್ಯಾಬ್ಲೆಟ್ಟನ್ನು ಪಕ್ಕಕ್ಕೆ ಸರಿಸಿ ತಗ್ಗಿದ ದನಿಯಲ್ಲಿ ಕೇಳಿದಳು. "ಉಸ್ತಾದ್ ವಗ್ದಿ, ಇದು ಬೇಡ. ಸರಿ. ನಾನೂ ಬೇಡವಾ?"

ಗಾಳಿಗೆ ಕಿಟಕಿ ಕಟಕಟಿಸುತ್ತಿತ್ತು. ಬಾಬಾ ತುಟಿ ಎರಡು ಸಲ ಕೂಡಿ ಬಿಟ್ಟುಕೊಂಡಿತು. ಹುಡುಕುತ್ತಿದ್ದರು, ಎಲ್ಲೋ ಒಳಗೆ, ಕತ್ತಲಲ್ಲಿ ಗೋಡೆ ಸವರುತ್ತ ನಡೆಯುವವರ ಹಾಗೆ.

"ಬಾ," ಎಂದರು. ಎಡಗೈಯಿಂದ ಬಾಗಿಲು ತೋರಿಸಿದರು. ಹೊರಗೆ, ದೂರ, ಮನೆ ಕಡೆ. "ಬಾ."

ಮೆರ್ವತ್ ಮೇಜಿನ ಮೇಲೆ ಇಲ್ಲದ ಏನನ್ನೋ ಒಂದಷ್ಟು ಹೊತ್ತು ಜೋಡಿಸಿದಳು. "ಶನಿವಾರ ಎರಡಕ್ಕೆ ಬಿಡುವಾಗುತ್ತೆ ನಂಗೆ. ಆದ್ರೆ ತೌಲಾ ಬರಲ್ಲ."

"ಬರದಿದ್ರೇ ವಾಸಿ ಡಾಕ್ಟರಮ್ಮ," ಎಂದರು ಅಮ್ಮು. "ಸೋಲೋರು ಕಮ್ಮಿ ಆಗಿದಾರೆ ನಮ್ಮಲ್ಲಿ."

ಎದ್ದು ಹೊರಗೆ ಬಂದೆವು. ಸರದಿಯ ಮುಂದಿನವಳು ಬಾಗಿಲಲ್ಲೇ ನಿಂತಿದ್ದಳು. ಮೂವತ್ತು ದಾಟಿರಲಾರದು. ಜೊತೆಗೆ ಗಂಡ, ಅವನ ಹೆಗಲ ಮೇಲೆ ಕೂಸು. ಅಮ್ಮು ಅವಳಿಗೆ ಸಲಾಮ್ ಹೇಳಿದರು. ಗಂಡ ನಡುವೆ ಬಂದು, "ಇವಳಿಗೆ ಹೆರಿಗೆ ಆದಾಗಿಂದ ಮಾತು ಬರಲ್ಲ ಸ್ವಾಮಿ, ಏನಿದ್ರೂ ನನ್ನನ್ನೇ ಕೇಳಿ," ಎಂದ. ಒಳ್ಳೆಯ ಮುಖ, ತುಂಬ ದಣಿದದ್ದು.

ಬಾಬಾ ಎಡಗೈ ಎತ್ತಿ ಅವನನ್ನು ತಡೆದರು. ಟೋಪಿ ತೆಗೆದು, ಅವಳ ಕಡೆ ತಿರುಗಿ ನಿಂತರು, ಇಡೀ ಮಧ್ಯಾಹ್ನ ಬಿಡುವಿದೆ ಎಂಬಂತೆ. ಗಂಡನಿಗೆ ಏನೆನಿಸಿತೋ, ಒಂದು ಹೆಜ್ಜೆ ಹಿಂದೆ ಸರಿದ. ಆ ಹುಡುಗಿ ಬಾಬಾ ಮುಖ ನೋಡಿದಳು, ಉಸಿರೆಳೆದುಕೊಂಡಳು, ಅವಳ ತುಟಿ ಅಲುಗತೊಡಗಿತು. ನಾವೆಲ್ಲ ಕಾದು ನಿಂತೆವು.